ಕೇಸ್ ಫೀಡರ್ ಆಗಾಗ ಸಿಕ್ಕಿಕೊಳ್ಳುತ್ತಿದೆ, ಎಲ್ಲಿಂದ ಸರಿಪಡಿಸಲಿ?

ಪ್ರಶ್ನೆ: ನಾನು ಕೊಡಗಿನವನು. ಹಲವು ವರ್ಷಗಳಿಂದ ಅಮೆರಿಕದ ಅರಿಜೋನಾದಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಪಿಸ್ತೂಲು ಗುರಿ ಸ್ಪರ್ಧೆಗಳಿಗೆ ಹೋಗುತ್ತೇನೆ. 9 ಎಂಎಂ ತೋಟೆಗಳನ್ನು ಮನೆಯಲ್ಲೇ ಮರುತುಂಬಲು (ಹಾರಿಸಿದ ತೋಟೆಯ ಖಾಲಿ ಹಿತ್ತಾಳೆ ಚಿಪ್ಪಿಗೆ, ಅಂದರೆ ಕೇಸಿಗೆ, ಕಿಡಿ ಕೊಡುವ ಹೊಸ ಕೇಪು, ಮದ್ದು, ಗುಂಡು ಹಾಕಲು) ಡಿಲನ್ ಎಕ್ಸ್‌ಎಲ್ 750 ಪ್ರೆಸ್ ಮತ್ತು ಅದಕ್ಕೆ ಕೇಸ್ ಒಂದೊಂದಾಗಿ ಉಣಿಸುವ, ಮೋಟರ್ ಇರುವ ಕೇಸ್ ಫೀಡರ್ ಕೊಂಡಿದ್ದೇನೆ. ಮೂರು ತೊಂದರೆ ಇದೆ. ಮೂವತ್ತು ನಲವತ್ತಕ್ಕೆ ಒಂದು ಕೇಸ್ ಬಾಯಿ ಕೆಳಗಾಗಿ ಬೀಳುತ್ತದೆ. ಕೆಲವೊಮ್ಮೆ ಮೊದಲ ಡೈ (ಕೇಸಿಗೆ ಆಕಾರ ಕೊಡುವ ಅಚ್ಚು) ಕೆಳಗೆ ಕೇಸ್ ವಾಲಿ ನಿಂತು ಜಜ್ಜಿಹೋಗುತ್ತದೆ. ಆಗಾಗ ಕೇಸ್ ತುಂಬುವ ಮೇಲಿನ ಬಟ್ಟಲು ಕಟಕಟ ಸದ್ದು ಮಾಡಿ ತಿರುಗುವುದೇ ನಿಲ್ಲಿಸುತ್ತದೆ. ಗಂಟೆಗೆ ಸಾವಿರ ತೋಟೆ ಮಾಡಬೇಕು ಅಂತ ಆಸೆ. ಮೋಟರಿಗೆ ಸ್ಪೀಡ್ ಕಂಟ್ರೋಲರ್ ಹಾಕಿಸಲೇ? ಇನ್ನೊಂದು ಮಾತು: ನನ್ನ ಹಳೆಯ ಸಣ್ಣ ಪ್ರೆಸ್ಸನ್ನು ರಜೆಗೆ ಬಂದಾಗ ಊರಿನ ಭಾವನಿಗೆ ತಂದುಕೊಡಬಹುದೇ?

ಉತ್ತರ: ಸ್ಪೀಡ್ ಕಂಟ್ರೋಲರ್ ಈಗ ಬೇಡ. ದುಡ್ಡು ಇಟ್ಟುಕೊಳ್ಳಿ. ನೀವು ಹೇಳಿದ ಮೂರೂ ತೊಂದರೆಗೆ ಬೇಕಾಗಿರುವುದು ಒಂದು ಆಲೆನ್ ಕೀ ಸೆಟ್, ಒಂದು ವರ್ನಿಯರ್ ಕ್ಯಾಲಿಪರ್, ಒಂದು ರಸಮಟ್ಟ ಮತ್ತು ಒಂದು ಶನಿವಾರದ ಬೆಳಗ್ಗೆ. ಯಂತ್ರ ಕೆಟ್ಟಿಲ್ಲ. ಅದರ ಭಾಗಗಳು ಇನ್ನೂ ಒಂದಕ್ಕೊಂದು ಹೊಂದಿಕೊಂಡಿಲ್ಲ, ಅಷ್ಟೇ.

ಸಾವಿರದ ಆಸೆಯ ಬಗ್ಗೆ ಮೊದಲು ಮಾತಾಡೋಣ. ನಾನು ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಸಿಂಗಲ್ ಸ್ಟೇಜ್ ಪ್ರೆಸ್‌ನಿಂದ ಎಲ್ಲ ಕೆಲಸ ಒಟ್ಟಿಗೆ ಮಾಡುವ ಪ್ರೋಗ್ರೆಸಿವ್‌ಗೆ ಬಂದಾಗ ನನಗೂ ಅದೇ ಹುಚ್ಚು ಇತ್ತು. ಒಂದು ಸಂಜೆ ಬಟ್ಟಲಿನಿಂದ ಕೇಸ್ ಇಳಿಯುವ ಕೊಳವೆಯಲ್ಲಿ ಕೇಸ್ ಸಿಕ್ಕಿಕೊಂಡಿತು. ಹಿಡಿಯನ್ನು ಅರ್ಧಕ್ಕೆ ಎತ್ತಿ, ಸ್ಕ್ರೂಡ್ರೈವರಿನಿಂದ ಕೇಸ್ ಬಿಡಿಸಿ, ಹಾಗೇ ಮುಂದುವರಿಸಿದೆ. ಆ ಗಡಿಬಿಡಿಯಲ್ಲಿ ಒಂದು ಕೇಸ್‌ಗೆ ಮದ್ದು ಬೀಳಲೇ ಇಲ್ಲ. ಗುಂಡು ಕೂತಿತು, ಕ್ರಿಂಪ್ ಆಯಿತು (ಕೇಸಿನ ಬಾಯಿ ಗುಂಡಿನ ಸುತ್ತ ಬಿಗಿಯಾಯಿತು), ಡಬ್ಬಿಗೂ ಬಿತ್ತು. ಮುಂದಿನ ಭಾನುವಾರ ರೇಂಜ್‌ನಲ್ಲಿ "ಟುಸ್" ಅಂತ ಸದ್ದು ಬಂತು. ಬರೀ ಕೇಪಿನ ಬಲಕ್ಕೆ ಗುಂಡು ನಳಿಗೆಯೊಳಗೆ ಸ್ವಲ್ಪ ದೂರ ಹೋಗಿ ಕೂತಿತ್ತು. ಪಕ್ಕದಲ್ಲಿದ್ದವರು "ನಿಲ್ಲಿಸಿ" ಎಂದು ಕೂಗಿದ್ದಕ್ಕೆ ಇನ್ನೊಂದು ಸಲ ಕುದುರೆ (ಟ್ರಿಗರ್) ಎಳೆಯಲಿಲ್ಲ. ಎಳೆದಿದ್ದರೆ ನಳಿಗೆ ಸೀಳಬಹುದಿತ್ತು, ನನ್ನ ಬೆರಳುಗಳೂ ಉಳಿಯುತ್ತಿದ್ದವೋ ಇಲ್ಲವೋ.

ಅವತ್ತಿನಿಂದ ನನಗೆ ಕೇಸ್ ಫೀಡರ್ ಅಂದರೆ ವೇಗದ ಉಪಕರಣ ಅಲ್ಲ. ಕೈಯಿಂದ ಕೇಸ್ ಇಡುವ ಕೆಲಸ ತಪ್ಪಿದರೆ ನಮ್ಮ ಕಣ್ಣಿಗೆ ಬಿಡುವು ಸಿಗುತ್ತದೆ. ಆ ಕಣ್ಣು ಪ್ರತಿ ಕೇಸ್‌ನೊಳಗಿನ ಮದ್ದಿನ ಮೇಲಿರಬೇಕು. 9 ಎಂಎಂ ಕೇಸ್‌ನಲ್ಲಿ ಎಷ್ಟೋ ಬಗೆಯ ಮದ್ದು ಎರಡು ಪಾಲು ಬಿದ್ದರೂ ಹೊರಗೆ ಚೆಲ್ಲುವುದಿಲ್ಲ, ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ಫೀಡರ್ ಸಿಕ್ಕಿಕೊಂಡ ಪ್ರತಿ ಸಲವೂ ನಿಮ್ಮ ಲಯ ತಪ್ಪುತ್ತದೆ. ಲಯ ತಪ್ಪಿದಾಗಲೇ ಮದ್ದು ಬೀಳದ, ಎರಡು ಸಲ ಬೀಳುವ ತಪ್ಪುಗಳು ಆಗುವುದು. ಆದ್ದರಿಂದ ಗಂಟೆಗೆ ಎಷ್ಟು ಅನ್ನುವ ಲೆಕ್ಕ ಬಿಡಿ. ಎಷ್ಟು ಕೇಸ್‌ಗೆ ಒಂದು ಸಲ ನಿಲ್ಲುತ್ತದೆ ಎಂದು ಲೆಕ್ಕ ಇಡಿ. ಮೂವತ್ತಕ್ಕೆ ಒಂದು ಸಲ ನಿಲ್ಲುವ ಫೀಡರ್ ನನ್ನ ಪ್ರಕಾರ ಫೀಡರ್ ಇಲ್ಲದಿರುವುದಕ್ಕಿಂತ ಅಪಾಯ.

ಕೆಲಸ ಶುರು ಮಾಡುವ ಮುಂಚೆ ಕೇಪು, ಮದ್ದು ಎರಡನ್ನೂ ಯಂತ್ರದಿಂದ ತೆಗೆದು ಬೇರೆ ಕಡೆ ಇಡಿ. ಕೇಪುಗಳನ್ನು ಕೈಪಿಡಿಯಲ್ಲಿ ಹೇಳಿದ ಹಾಗೆ ನಿಧಾನಕ್ಕೆ ಇಳಿಸಿ. ಕೊಳವೆಯಲ್ಲಿ ಸಿಕ್ಕಿದ ಕೇಪನ್ನು ಕಡ್ಡಿ ಹಾಕಿ ತಳ್ಳುವ ಕೆಲಸ ಯಾವತ್ತೂ ಬೇಡ. ಕನ್ನಡಕ ಹಾಕಿಕೊಳ್ಳಿ. ಹೊಂದಿಸುವ ಕೆಲಸ ಪೂರ್ತಿ ಖಾಲಿ ಯಂತ್ರದಲ್ಲೇ ಆಗಬೇಕು.

ಇನ್ನು ಎಲ್ಲಿಂದ ಶುರು? ಹೆಚ್ಚಿನವರು ಬಟ್ಟಲಿನಿಂದ ಶುರು ಮಾಡುತ್ತಾರೆ, ಸದ್ದು ಬರುವುದು ಅಲ್ಲಿಂದ ಅಂತ. ಮಲೆನಾಡಿನ ತೋಟದ ಬಸಿಗಾಲುವೆ ನೆನಪು ಮಾಡಿಕೊಳ್ಳಿ. ನೀರು ಮೇಲೆ ಉಕ್ಕಿದರೆ ಕೆಳಗಿನ ಬಾಯಿಯನ್ನು ಮೊದಲು ಬಿಡಿಸುತ್ತೇವೆ, ಅಲ್ವಾ? ಇಲ್ಲೂ ಹಾಗೇ. ಕೆಳಗೆ ಕೇಸ್ ಸರಾಗವಾಗಿ ಹೋಗದಿದ್ದರೆ ಕೊಳವೆ ತುಂಬುತ್ತದೆ. ಕೊಳವೆ ತುಂಬಿದಾಗ ಬಟ್ಟಲು ನಿಲ್ಲಬೇಕು. ನಿಲ್ಲದಿದ್ದರೆ ಕೇಸ್ ಹಿಸುಕಿಕೊಳ್ಳುತ್ತದೆ. ನಿಮ್ಮ ಕಟಕಟ ಸದ್ದಿನ ಮೂಲವೂ ಕೆಳಗೇ ಇರಬಹುದು. ಹಾಗಾಗಿ ಕೇಸ್‌ಗಳನ್ನು ಹಿಡಿದು ಒಂದು ಡೈಯಿಂದ ಇನ್ನೊಂದಕ್ಕೆ ಒಯ್ಯುವ ತಿರುಗುತಟ್ಟೆ, ಅಂದರೆ ಶೆಲ್‌ಪ್ಲೇಟ್‌ನಿಂದ ಶುರು ಮಾಡಿ ಮೇಲಕ್ಕೆ ಹೋಗೋಣ.

ಅದಕ್ಕೂ ಮುಂಚೆ ಒಂದು ಸಣ್ಣ ಪರೀಕ್ಷೆ. ಬಟ್ಟಲಿನ ಮೇಲೆ ಬೆರಳಿಟ್ಟು ಹಿಡಿಯನ್ನು ಒಮ್ಮೆ ಕೆಳಗಿಳಿಸಿ ಎತ್ತಿ. ಬಟ್ಟಲು ಅಲುಗಾಡಿತೇ? ಪ್ರೆಸ್ ಬಿಗಿಯಾಗಿದ್ದರೂ ಮೇಜು ಅಲುಗಾಡಿದರೆ, ಎತ್ತರದ ಕಂಬದ ತುದಿಯಲ್ಲಿರುವ ಬಟ್ಟಲಿಗೆ ಆ ಅಲುಗಾಟ ದೊಡ್ಡದಾಗಿ ತಲುಪುತ್ತದೆ. ಮೇಜನ್ನು ಗೋಡೆಯ ಮರದ ಕಂಬಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ. ಹಲಗೆ ತೆಳ್ಳಗಿದ್ದರೆ ಅಡಿಯಲ್ಲಿ ಇನ್ನೊಂದು ಹಲಗೆ ಕೊಡಿ. ಪ್ರೆಸ್ ಮಟ್ಟವಾಗಿ ಕೂತಿದೆಯೇ ಎಂದು ರಸಮಟ್ಟ ಇಟ್ಟು ನೋಡಿ. ಕೊಳವೆಯಲ್ಲಿ ಕೇಸ್ ಇಳಿಯುವುದು ತನ್ನ ತೂಕದಿಂದಲೇ. ಕಂಬ ವಾಲಿದ್ದರೆ ಕೇಸ್ ಕೊಳವೆಯ ಒಂದು ಗೋಡೆಗೆ ಉಜ್ಜಿಕೊಂಡೇ ಇಳಿಯುತ್ತದೆ.

ಈಗ ಶೆಲ್‌ಪ್ಲೇಟ್. ಅದರ ನಡುವಿನ ಬೋಲ್ಟನ್ನು ಕೈಪಿಡಿಯಂತೆ ಬಿಗಿ ಮಾಡಿ, ಪ್ಲೇಟ್ ತಡೆಯಿಲ್ಲದೆ ತಿರುಗುವಷ್ಟು ಮಾತ್ರ ಸಡಿಲಿಸಿ, ಲಾಕ್ ಸ್ಕ್ರೂ ಹಾಕಿ. ಸಡಿಲಿಸುವುದು ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಪ್ಲೇಟ್ ಮೇಲೆ ಕೆಳಗೆ ಆಡುತ್ತಿದ್ದರೆ ಮುಂದಿನ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ, ಇವತ್ತು ಸರಿ ಮಾಡಿದ್ದು ನಾಳೆಗೆ ತಪ್ಪಿರುತ್ತದೆ. ಲಾಕ್ ಸ್ಕ್ರೂ ಹಾಕಲು ಮರೆಯುವವರು ತುಂಬಾ ಜನ. ಇನ್ನೂರು ಸಲ ಹಿಡಿ ಎಳೆದ ಮೇಲೆ ಬೋಲ್ಟ್ ತಾನಾಗಿ ಸಡಿಲವಾಗಿರುತ್ತದೆ.

ಮುಂದಿನದು ನಿಮ್ಮ ಎರಡನೇ ತೊಂದರೆ, ಕೇಸ್ ವಾಲಿ ಜಜ್ಜಿಹೋಗುವುದು. ಈ ಯಂತ್ರ ಕೆಲಸ ಮಾಡುವ ಬಗೆ ನಿಮಗೆ ಗೊತ್ತು. ಶೆಲ್‌ಪ್ಲೇಟ್ ಕೂತಿರುವ ಪ್ಲಾಟ್‌ಫಾರ್ಮ್ ಮೇಲೆ ಹೋದಾಗ ಫೀಡರಿನ ತೋಳು ಕೊಳವೆಯಿಂದ ಒಂದು ಕೇಸ್ ತೆಗೆದು ಕೆಳಗೆ ಬಿಡುತ್ತದೆ. ಪ್ಲಾಟ್‌ಫಾರ್ಮ್ ಇಳಿದು ಕೊನೆ ಮುಟ್ಟುವಾಗ, ಬದಿಯ ಕ್ಯಾಮ್ ತಳ್ಳುಪಟ್ಟಿಯನ್ನು ಮುಂದೆ ನೂಕುತ್ತದೆ. ಪಟ್ಟಿ ಕೇಸನ್ನು ಶೆಲ್‌ಪ್ಲೇಟಿನ ಬಾಯಿಗೆ ಸೇರಿಸುತ್ತದೆ. ತಳ್ಳುಪಟ್ಟಿ ಒಂದು ಕೂದಲಿನಷ್ಟು ಕಡಿಮೆ ಮುಂದೆ ಬಂದರೂ ಕೇಸಿನ ಅಂಚು ಪ್ಲೇಟಿನ ಕಚ್ಚಿನೊಳಗೆ ಪೂರ್ತಿ ಹೋಗುವುದಿಲ್ಲ. ಮುಂದಿನ ಎಳೆತಕ್ಕೆ ಅದರ ಬಾಯಿ ಡೈಯ ಅಂಚಿಗೆ ಬಡಿಯುತ್ತದೆ, ಜಜ್ಜುತ್ತದೆ. ಜಾಸ್ತಿ ಮುಂದೆ ಬಂದರೆ ಪ್ಲೇಟಿಗೇ ಒತ್ತಿ ಅದು ತಿರುಗಲು ತಿಣುಕುತ್ತದೆ, ಹಿಡಿಯಲ್ಲಿ ಆ ಒತ್ತಡ ಗೊತ್ತಾಗುತ್ತದೆ.

ಇದನ್ನು ನೋಡಲು ಡೈಗಳನ್ನು ಹಿಡಿದಿರುವ ಟೂಲ್‌ಹೆಡ್ ತೆಗೆದುಬಿಡಿ. ಡೈಗಳು ಅಡ್ಡ ಇಲ್ಲದಿದ್ದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಒಂದು ಒಳ್ಳೆಯ ಕೇಸನ್ನು ಪಟ್ಟಿಯ ಮುಂದೆ ಕೈಯಿಂದ ಇಟ್ಟು, ಹಿಡಿಯನ್ನು ತೀರಾ ನಿಧಾನಕ್ಕೆ ಆಡಿಸಿ. ಪಟ್ಟಿ ಕೊನೆ ಮುಟ್ಟಿದಾಗ ಕೇಸನ್ನು ಬೆರಳಿನಿಂದ ಒಳಕ್ಕೆ ಒತ್ತಿ ನೋಡಿ. ಇನ್ನೂ ಸರಿದರೆ ಪಟ್ಟಿ ಸಾಲದು. ಕ್ಯಾಮಿನ ಸ್ಕ್ರೂ ಸಡಿಲಿಸಿ ಸ್ವಲ್ಪವೇ ಸರಿಸಿ, ಬಿಗಿ ಮಾಡಿ, ಮತ್ತೆ ನೋಡಿ. ಒಂದು ಸಲಕ್ಕೆ ಒಂದೇ ಸ್ಕ್ರೂ ಮುಟ್ಟುವುದು ನನ್ನ ಕಟ್ಟುನಿಟ್ಟು. ಎರಡು ಕಡೆ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಹೊಂದಿಸುವ ಮುಂಚೆ ಕ್ಯಾಮ್ ಇದ್ದ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದಿಡಿ, ತಪ್ಪಿದರೆ ಹಿಂದಕ್ಕೆ ಬರಬಹುದು.

ಪಟ್ಟಿ ಸರಿಯಿದ್ದೂ ಕೇಸ್ ವಾಲುತ್ತಿದ್ದರೆ ತಪ್ಪು ಅದರ ಮೇಲಿನ ಹಂತದಲ್ಲಿದೆ. ತೋಳು ಬಿಟ್ಟ ಕೇಸ್ ನೇರವಾಗಿ ನಿಲ್ಲದೆ ಮಗ್ಗುಲಿಗೆ ಕುಣಿಯುತ್ತಿರುತ್ತದೆ. ತೋಳಿನಲ್ಲಿ, ಅದರ ಮೇಲಿನ ಬಾಡಿಯಲ್ಲಿ ಬರುವ ಸಣ್ಣ ಪ್ಲಾಸ್ಟಿಕ್ ಬುಷ್‌ಗಳು ಒಂದೊಂದು ಅಳತೆಯ ಕೇಸಿಗೆ ಬೇರೆ ಬೇರೆ. ಹಳೆಯದನ್ನು ಕೊಂಡವರ ಹತ್ತಿರ 9 ಎಂಎಂ ಶೆಲ್‌ಪ್ಲೇಟಿನ ಜೊತೆ .45ರ (ಇನ್ನೂ ದಪ್ಪನೆಯ ಪಿಸ್ತೂಲು ತೋಟೆಯ) ಬುಷ್ ಇರುವುದನ್ನು ನಾನೇ ನೋಡಿದ್ದೇನೆ. .45 ಕೇಸಿನ ತಳ ಸುಮಾರು 12.2 ಮಿಲಿಮೀಟರ್ ಅಗಲ, 9 ಎಂಎಂ ಕೇಸಿನದು ಸುಮಾರು 10. ಅಷ್ಟು ದೊಡ್ಡ ತೂತಿನಲ್ಲಿ ಸಣ್ಣ ಕೇಸ್ ವಾಲದೆ ಇರುತ್ತದೆಯೇ? ಕಿಟ್‌ನ ಪಟ್ಟಿ ಹಿಡಿದು ಪ್ರತಿ ಬುಷ್ಷನ್ನೂ ಒಮ್ಮೆ ತಾಳೆ ನೋಡಿ. ಆಮೇಲೆ ತೋಳು ಸರಿಯಾಗಿ ಪಟ್ಟಿಯ ದಾರಿಯ ನಡುವಿಗೆ ಕೇಸ್ ಬಿಡುತ್ತಿದೆಯೇ ಎಂದು ಮೇಲಿನಿಂದ ನೋಡಿ. ಕೇಸ್ ಬೀಳುವ ಸದ್ದು ಒಂದೇ ಆಗಿರಬೇಕು, "ಟಕ್". "ಟಕ್-ಕಿಣಿ" ಅಂದರೆ ಅದು ಗೋಡೆಗೆ ಬಡಿದು ಬಿದ್ದಿದೆ.

ಕೊಳವೆಯ ವಿಷಯ ಚಿಕ್ಕದು, ಆದರೆ ಅರಿಜೋನಾದವರಿಗೆ ಮುಖ್ಯ. ಅಲ್ಲಿನ ಒಣ ಹವೆಯಲ್ಲಿ ಪ್ಲಾಸ್ಟಿಕ್ ಕೊಳವೆಗೆ ಸ್ಟ್ಯಾಟಿಕ್ ಕರೆಂಟ್ ಹಿಡಿಯುತ್ತದೆ. ಅದಕ್ಕೆ ಪಾಲಿಶ್ ಪುಡಿ, ಜೋಳದ ದಿಂಡಿನ ದೂಳು ಅಂಟುತ್ತದೆ. ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಡ್ರೈಯರ್ ಶೀಟ್ ಇರುತ್ತದಲ್ಲ, ಅದನ್ನು ಒಂದು ದಾರಕ್ಕೆ ಕಟ್ಟಿ ಕೊಳವೆಯೊಳಗೆ ಎರಡು ಸಲ ಎಳೆಯಿರಿ. ಕೇಸ್‌ಗೆ ಲೂಬ್ (ಜಾರುವಂತೆ ಮಾಡುವ ಲೇಪ) ಹಚ್ಚುವವರು ಅದು ಪೂರ್ತಿ ಒಣಗುವವರೆಗೆ ಕಾಯಬೇಕು. ಹಸಿ ಲೂಬ್ ದೂಳಿನ ಜೊತೆ ಸೇರಿ ಕೊಳವೆಗೂ ಬುಷ್‌ಗೂ ಜಿಗುಟು ಮಾಡುತ್ತದೆ. ಕೊಳವೆಯ ಎರಡು ತುದಿಗಳಲ್ಲಿ ಕತ್ತರಿಸಿದ ಅಂಚು ಒರಟಾಗಿದ್ದರೆ ನುಣ್ಣನೆ ಉಪ್ಪುಕಾಗದದಿಂದ ಒಮ್ಮೆ ಸವರಿ.

ಕೊಳವೆಯ ಮೇಲಿನ ಲಾಳಿಕೆಯ ಹತ್ತಿರ ಒಂದು ಮೈಕ್ರೋ ಸ್ವಿಚ್ ಇದೆ. ಕೊಳವೆ ತುಂಬಿ ಕೊನೆಯ ಕೇಸ್ ಅದರ ಕಡ್ಡಿಗೆ ಒತ್ತಿದಾಗ ಮೋಟರ್ ನಿಲ್ಲಬೇಕು. ನಿಮ್ಮ ಕಟಕಟಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೆ. ಕಡ್ಡಿ ತಡವಾಗಿ ಒತ್ತಿದರೆ ಲಾಳಿಕೆಯಲ್ಲಿ ಇನ್ನೊಂದು ಕೇಸ್ ಬಂದು ಕೂರುತ್ತದೆ. ಅದರ ಹಿಂದಿನ ಕೇಸ್ ಅರ್ಧ ಲಾಳಿಕೆಯಲ್ಲಿ, ಅರ್ಧ ಬಟ್ಟಲೊಳಗಿನ ತಿರುಗುವ ಪ್ಲೇಟಿನಲ್ಲಿ ಹಿಸುಕಿಕೊಳ್ಳುತ್ತದೆ. ಪ್ಲೇಟ್ ನಿಲ್ಲುತ್ತದೆ, ಕೆಳಗೆ ಮೋಟರ್ ತಿರುಗುತ್ತಲೇ ಇರುತ್ತದೆ, ನಡುವಿನ ಕ್ಲಚ್ ಜಾರಿ ಸದ್ದು ಮಾಡುತ್ತದೆ. ಕೊಳವೆಯನ್ನು ಕೈಯಿಂದ ಕೇಸ್ ಹಾಕಿ ತುಂಬಿಸಿ ನೋಡಿ. ಯಾವ ಕೇಸಿಗೆ "ಕ್ಲಿಕ್" ಬಂತು ಎಂದು ಎಣಿಸಿ. ಕ್ಲಿಕ್ ಬಂದ ಮೇಲೂ ಲಾಳಿಕೆಯಲ್ಲಿ ಒಂದು ಕೇಸಿಗೆ ಜಾಗ ಇರಬೇಕು, ಯಾಕೆಂದರೆ ಕರೆಂಟ್ ನಿಂತರೂ ಪ್ಲೇಟ್ ಒಂದು ಕ್ಷಣ ಮುಂದೆ ಹೋಗುತ್ತದೆ. ಜಾಗ ಇಲ್ಲದಿದ್ದರೆ ಕಡ್ಡಿಯನ್ನು ಬಹಳ ಮೆಲ್ಲಗೆ ಒಳಕ್ಕೆ ಬಾಗಿಸಿ.

ಕ್ಲಚ್ ಜಾರುವುದು ತಪ್ಪಲ್ಲ, ಅದು ಇರುವುದೇ ಅದಕ್ಕೆ. ಸದ್ದು ಕೇಳಲಾರದೆ ಕ್ಲಚ್ಚನ್ನು ಗಟ್ಟಿಯಾಗಿ ಬಿಗಿದವರ ಬಟ್ಟಲಿನಲ್ಲಿ ಪ್ಲೇಟಿನ ಅಂಚು ಮುರಿದಿರುವುದನ್ನು ನೋಡಿದ್ದೇನೆ. ತಿರುಗುವ ಪ್ಲೇಟನ್ನು ಅಂಗೈಯಿಂದ ಒತ್ತಿ ಹಿಡಿದರೆ ಅದು ನಿಲ್ಲಬೇಕು. ಸುಮ್ನೆ ಬೆರಳು ತಾಗಿಸಿದರೆ ನಿಂತರೆ ಕ್ಲಚ್ ತೀರಾ ಸಡಿಲ. ಹೊಂದಿಸುವುದಾದರೆ ಒಂದು ಸಲಕ್ಕೆ ಕಾಲು ಸುತ್ತು ಸಾಕು. ಪ್ಲೇಟಿನ ಅಡಿಗೆ ಕೇಸಿನ ಅಂಚು ನುಸುಳಿದ ಗುರುತು ಕಂಡರೆ ಪ್ಲೇಟ್ ಎತ್ತರ ತಪ್ಪಿದೆ. ಅದು ಬಟ್ಟಲಿನ ತಳಕ್ಕೆ ಉಜ್ಜದೆ, ಆದರೆ ಕೇಸ್ ನುಸುಳಲು ಜಾಗ ಕೊಡದೆ ತಿರುಗಬೇಕು. ಪ್ಲೇಟುಗಳೂ ನಾಲ್ಕು ಬಗೆ. 9 ಎಂಎಂಗೆ ಸಣ್ಣ ಪಿಸ್ತೂಲಿನದು, .45ಕ್ಕೆ ದೊಡ್ಡ ಪಿಸ್ತೂಲಿನದು, .223ಕ್ಕೆ ಸಣ್ಣ ರೈಫಲಿನದು, .308ಕ್ಕೆ ದೊಡ್ಡ ರೈಫಲಿನದು. ನಿಮ್ಮದು ಯಾವುದು ಎಂದು ಒಮ್ಮೆ ನೋಡಿಬಿಡಿ.

ಈಗ ಬಾಯಿ ಕೆಳಗಾಗಿ ಬೀಳುವ ಕೇಸ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರ ಹಿಂದಿನ ವಿಷಯ ಸೊಗಸಾಗಿದೆ.

ಬಟ್ಟಲಿನ ಪ್ಲೇಟಿಗೆ ಕೇಸಿನ ತಲೆ ಯಾವುದು, ತಳ ಯಾವುದು ಗೊತ್ತಿಲ್ಲ. ಅಡ್ಡ ಮಲಗಿದ ಕೇಸನ್ನು ಅದು ಸುಮ್ಮನೆ ಮೇಲಕ್ಕೆ ಹೊತ್ತು ತರುತ್ತದೆ. ತೂಕವೇ ದಿಕ್ಕು ಹೇಳುತ್ತದೆ. ಕೇಸಿನ ತಳದಲ್ಲಿ ಹಿತ್ತಾಳೆ ದಪ್ಪ, ಬಾಯಿಯ ಕಡೆ ತೆಳು ಗೋಡೆ. ಅಡ್ಡ ಮಲಗಿದ ಕೇಸ್ ತೂತಿನ ಮೇಲೆ ಬಂದಾಗ ಭಾರದ ತಳ ಮೊದಲು ಜಾರುತ್ತದೆ, ಬಾಯಿ ಹಿಂದೆ ಬರುತ್ತದೆ. ಲೀ ಕಂಪನಿಯ ಅಗ್ಗದ ಕೊಲೇಟರಿನಲ್ಲಿ (ಕೇಸ್‌ಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸುವ ಸಾಧನ) ಮೋಟರೇ ಇಲ್ಲ. ಕೈಯಿಂದ ಅಲುಗಾಡಿಸುತ್ತೇವೆ, ಅಲ್ಲೂ ಕೇಸ್ ತಳ ಕೆಳಗಾಗಿಯೇ ಬೀಳುತ್ತದೆ. ಕಾರಣ ಒಂದೇ.

ಆದರೆ ಬೀಳುವಾಗ ತಿರುಗಿಕೊಳ್ಳಲು ಕೇಸಿಗೆ ಹೊತ್ತು ಬೇಕು. ಉದ್ದನೆಯ ಕೇಸಿಗೆ ತಿರುಗಿದ ಮೇಲೆ ಮತ್ತೆ ಹೊರಳಲು ಕೊಳವೆಯಲ್ಲಿ ಜಾಗ ಇರುವುದಿಲ್ಲ. .223 ಕೇಸ್ 44.7 ಮಿಲಿಮೀಟರ್ ಉದ್ದ, ಅಗಲದ ನಾಲ್ಕೂವರೆ ಪಟ್ಟು. .38 ಸ್ಪೆಷಲ್ 29.3. ನಿಮ್ಮ 9 ಎಂಎಂ ಬರೀ 19.15 ಮಿಲಿಮೀಟರ್, ಅಗಲದ ಎರಡು ಪಟ್ಟೂ ಇಲ್ಲ. ಇಂಥ ಗಿಡ್ಡ ಕೇಸ್ ಲಾಳಿಕೆಯಲ್ಲಿ ಪಲ್ಟಿ ಹೊಡೆಯಬಲ್ಲದು. ಪ್ಲೇಟ್ ಜೋರಾಗಿ ತಿರುಗಿದಷ್ಟೂ ಕೇಸ್ ಬೀಳದೆ ಎಸೆದ ಹಾಗೆ ಹೋಗುತ್ತದೆ. ಲಾಳಿಕೆಯ ಎದುರು ಗೋಡೆಗೆ ಬಡಿದು ಹೊರಳುತ್ತದೆ. ಬಾಯಿ ಕೆಳಗಾದ ಕೇಸ್ ಡೈ ಕೆಳಗೆ ಹೋದರೆ ಹಳೆ ಕೇಪು ತೆಗೆಯುವ ಪಿನ್ ಗಟ್ಟಿ ತಳಕ್ಕೆ ಬಡಿದು ಬಾಗುತ್ತದೆ, ಇಲ್ಲವೇ ಮುರಿಯುತ್ತದೆ.

ಹಾಗಾದರೆ ವೇಗ ಎಷ್ಟು ಬೇಕು? ಲೆಕ್ಕ ಹಾಕೋಣ. ಗಂಟೆಗೆ 600 ತೋಟೆ ಅಂದರೆ ನಿಮಿಷಕ್ಕೆ 10. ಆರು ಸೆಕೆಂಡಿಗೆ ಒಂದು ಕೇಸ್ ಸಾಕು. ನೀವು ಹೇಳಿದ ಸಾವಿರಕ್ಕೂ ನಿಮಿಷಕ್ಕೆ 17ರಷ್ಟು ಸಾಕು. ಕೊಳವೆಯಲ್ಲಿ 40 ಸೆಂಟಿಮೀಟರ್ ಉದ್ದಕ್ಕೆ 9 ಎಂಎಂ ಕೇಸ್ 20 ಹಿಡಿಯುತ್ತವೆ. ಅಂದರೆ ಬಟ್ಟಲು ಪೂರ್ತಿ ನಿಂತರೂ ನಿಮಗೆ ಒಂದೆರಡು ನಿಮಿಷದ ದಾಸ್ತಾನು ಇರುತ್ತದೆ. ಬಟ್ಟಲು ಅವಸರ ಮಾಡಬೇಕಾಗಿಯೇ ಇಲ್ಲ. ಮೋಟರಿನ ಸ್ವಿಚ್ಚಿನಲ್ಲಿ ಕಡಿಮೆ ವೇಗ ಇದ್ದರೆ ಅದರಲ್ಲೇ ಇಟ್ಟುಬಿಡಿ. ಎಷ್ಟೋ ಜನಕ್ಕೆ ಇಷ್ಟರಲ್ಲೇ ತೊಂದರೆ ಕಡಿಮೆ ಆಗುತ್ತದೆ.

ಎರಡನೇ ಕಾರಣ, ಬಟ್ಟಲನ್ನು ಕಂಠಪೂರ್ತಿ ತುಂಬುವುದು. ಕೇಸ್‌ಗಳ ರಾಶಿ ಪ್ಲೇಟಿನ ಮೇಲೆ ಒತ್ತಿದರೆ ಒಂದೇ ಗೂಡಿಗೆ ಎರಡು ಕೇಸ್ ಹತ್ತಿಕೊಂಡು ಬರುತ್ತವೆ. ಕ್ಲಚ್ಚಿಗೂ ಭಾರ. ನಾನು ಬಟ್ಟಲಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಾಕುವುದಿಲ್ಲ. ನೂರು ತೋಟೆಗೊಮ್ಮೆ ಹೇಗೂ ಕೇಪಿನ ಕೊಳವೆ ತುಂಬಲು ನಿಲ್ಲಿಸುತ್ತೇವೆ. ಆಗ ಒಂದು ಹಿಡಿ ಕೇಸ್ ಹಾಕಿದರೆ ಆಯಿತು.

ಮೂರನೆಯದು ನನಗೆ ತೀರಾ ಮುಖ್ಯ ಅನ್ನಿಸುವುದು: ವಿಂಗಡಣೆ. ರೇಂಜ್‌ನಲ್ಲಿ ಆಯ್ದು ತಂದ ಕೇಸ್‌ಗಳಲ್ಲಿ .380 ಕೇಸ್ ಒಂದೆರಡು ಇದ್ದೇ ಇರುತ್ತವೆ. ನೋಡಲು 9 ಎಂಎಂ ತಮ್ಮನಂತೆ. ಉದ್ದ 17.3 ಮಿಲಿಮೀಟರ್, ತಳದ ಅಗಲ 9.5. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಟ್ಟಲಿನಲ್ಲಿ ಅದು ಸುಲಭವಾಗಿ ಪಲ್ಟಿ ಹೊಡೆಯುತ್ತದೆ, ಶೆಲ್‌ಪ್ಲೇಟಿನಲ್ಲಿ ವಾಲುತ್ತದೆ. ನಿಮ್ಮ ಮೊದಲ ಎರಡೂ ತೊಂದರೆಗೆ ಅದೊಂದೇ ಕಾರಣವಾಗಿರಬಹುದು. ಅದಕ್ಕಿಂತ ಕೆಟ್ಟದ್ದು, ಅದು ಸಿಕ್ಕಿಕೊಳ್ಳದೆ ಪಾರಾದರೆ ಸಡಿಲ ಗುಂಡಿನ ತಪ್ಪು ತೋಟೆಯಾಗಿ ಡಬ್ಬಿಗೆ ಬೀಳುತ್ತದೆ. .40 ಮತ್ತು .45 ಕೇಸ್‌ಗಳ ಹೊಟ್ಟೆಯಲ್ಲಿ 9 ಎಂಎಂ ಕೇಸ್ ಹೊಕ್ಕು ಕೂತಿರುವುದು ಇನ್ನೊಂದು ಕಾಟ. 9 ಎಂಎಂ ಒಳಗೆ .22ರ ಪುಟ್ಟ ಕೇಸ್ ಅಡಗಿರುತ್ತದೆ. ಒಳಗಡೆ ಮೆಟ್ಟಿಲಿನಂಥ ಅಂಚು ಇರುವ 9 ಎಂಎಂ ಕೇಸ್‌ಗಳೂ ಇವೆ. ಅವುಗಳ ಒಳಗೆ ಜಾಗ ಕಡಿಮೆ, ಮರುತುಂಬಲೇಬಾರದು, ಎಸೆದುಬಿಡಿ.

ತೂತಿನ ತಟ್ಟೆಗಳು ಸಿಗುತ್ತವೆ, ಜರಡಿ ಹಿಡಿದ ಹಾಗೆ ಅಗಲದ ಪ್ರಕಾರ ಬೇರೆ ಮಾಡುತ್ತವೆ. ದೊಡ್ಡ ಕೇಸ್ ತೆಗೆಯಲು ಒಳ್ಳೆಯದು. .380 ಮತ್ತು 9 ಎಂಎಂ ನಡುವೆ ಅವನ್ನು ಪೂರ್ತಿ ನಂಬಬೇಡಿ. ನಾನು ಕೇಸ್‌ಗಳನ್ನು ಒಂದು ಚಪ್ಪಟೆ ತಟ್ಟೆಯಲ್ಲಿ ಬಾಯಿ ಮೇಲಾಗಿ ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ಒಂದು ಸ್ಕೇಲ್ ಎಳೆಯುತ್ತೇನೆ. ಗಿಡ್ಡ ಕೇಸ್ ಗುಂಡಿಯಂತೆ ಕಾಣುತ್ತದೆ. ಹಾಗೇ ಟಾರ್ಚ್ ಹಿಡಿದು ಒಳಗೂ ನೋಡಿಬಿಡಬಹುದು. ನಮ್ಮ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುವಾಗ ಕಲ್ಲಿಗಾಗಿ ಹೀಗೇ ಕಣ್ಣು ಓಡಿಸುತ್ತಿದ್ದರು. ನೂರು ಕೇಸಿಗೆ ಎರಡು ನಿಮಿಷದ ಕೆಲಸ.

ತೊಳೆಯುವುದರ ಬಗ್ಗೆ ಒಂದೇ ಮಾತು. ಸ್ಟೀಲ್ ಪಿನ್ ಹಾಕಿ ನೀರಿನಲ್ಲಿ ತೊಳೆಯುವವರಾದರೆ ಕೇಸ್ ಚೆನ್ನಾಗಿ ಒಣಗಲಿ, ಪಿನ್ ಒಂದೂ ಒಳಗೆ ಉಳಿಯದಿರಲಿ. ಹಳೆಯ ಕೇಪಿನ ದೂಳಿನಲ್ಲಿ ಸೀಸ ಇರುತ್ತದೆ, ಕೆಲಸ ಮುಗಿದ ಮೇಲೆ ತಣ್ಣೀರು ಸೋಪಿನಲ್ಲಿ ಕೈ ತೊಳೆಯಿರಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಎಲ್ಲ ಹೊಂದಿಸಿದ ಮೇಲೆ ಪರೀಕ್ಷೆ. ಟೂಲ್‌ಹೆಡ್ ಇಲ್ಲದೆ ಮೊದಲು 50 ಕೇಸ್ ಓಡಿಸಿ. ಪ್ರತಿ ಕೇಸ್ ಶೆಲ್‌ಪ್ಲೇಟಿಗೆ ಕೂರುವುದನ್ನು ಕಣ್ಣಾರೆ ನೋಡಿ. ಆಮೇಲೆ ಟೂಲ್‌ಹೆಡ್ ಹಾಕಿ, ಬರೀ ಸೈಜಿಂಗ್ ಡೈ (ಕೇಸಿನ ಅಳತೆ ಸರಿಪಡಿಸುವ ಮೊದಲ ಡೈ) ಇಟ್ಟು 200 ಕೇಸ್ ಓಡಿಸಿ, ಕೇಪು ಮದ್ದು ಇಲ್ಲದೆ. ಒಂದು ಕಾಗದದಲ್ಲಿ ನಿಂತ ಪ್ರತಿ ಸಲಕ್ಕೂ ಒಂದು ಗೆರೆ ಹಾಕಿ, ಪಕ್ಕದಲ್ಲಿ ಕಾರಣ ಬರೆಯಿರಿ: ಪಲ್ಟಿ, ವಾಲಿದ್ದು, ಬಟ್ಟಲು. 200 ಕೇಸ್ ಒಂದೇ ಒಂದು ಸಲವೂ ನಿಲ್ಲದೆ ಹೋದರೆ ಮಾತ್ರ ಕೇಪು ಮದ್ದು ಒಳಗೆ ಬರಲಿ. ಒಂದು ಗೆರೆ ಬಿದ್ದರೂ ಮತ್ತೆ ಸೊನ್ನೆಯಿಂದ. ಇದು ನನ್ನದೇ ನಿಯಮ. ಕಟ್ಟುನಿಟ್ಟು ಜಾಸ್ತಿ ಅಂತ ಸ್ನೇಹಿತರು ಹೇಳುತ್ತಾರೆ, ಆದರೂ ನಾನು ಬಿಟ್ಟಿಲ್ಲ.

ನಿಜವಾಗಿ ತುಂಬುವಾಗ ಎಂದಾದರೂ ಸಿಕ್ಕಿಕೊಂಡರೆ ಹೀಗೆ ಮಾಡಿ. ಕೈ ಹಿಡಿಯಿಂದ ತೆಗೆಯಿರಿ. ಬಲ ಹಾಕಬೇಡಿ, ಅದರಲ್ಲೂ ಕೇಪು ಕೂರಿಸುವ ಕಡೆ ಗಟ್ಟಿ ಅನ್ನಿಸಿದರೆ ಒತ್ತಲೇಬೇಡಿ. ಶೆಲ್‌ಪ್ಲೇಟಿನಲ್ಲಿರುವ ಎಲ್ಲ ಕೇಸ್‌ಗಳನ್ನೂ ಹೊರತೆಗೆಯಿರಿ. ಮದ್ದು ಬಿದ್ದಿದೆಯೋ ಇಲ್ಲವೋ ಎಂದು ಊಹಿಸುವುದು ಬೇಡ, ಮದ್ದನ್ನು ಡಬ್ಬಿಗೆ ಸುರಿದು ಆ ಕೇಸ್‌ಗಳನ್ನು ಪಕ್ಕಕ್ಕಿಡಿ. ನಾಲ್ಕೈದು ಕೇಸ್ ಹೋದರೆ ಹೋಗಲಿ. ಮೂರನೇ ಸ್ಟೇಷನ್ ಖಾಲಿ ಇದ್ದರೆ ಅಲ್ಲಿ ಮದ್ದಿನ ಮಟ್ಟ ತಪ್ಪಿದರೆ ಎಚ್ಚರಿಸುವ ಪೌಡರ್ ಚೆಕ್ ಡೈ ಹಾಕಿಸಿ. ಸ್ಪೀಡ್ ಕಂಟ್ರೋಲರಿಗೆ ಇಟ್ಟ ದುಡ್ಡು ಇದಕ್ಕೆ ಬಳಸಿ, ಜೊತೆಗೆ ಕೇಸಿನ ಒಳಗೆ ಬೆಳಕು ಬೀಳುವ ಹಾಗೆ ಒಂದು ಸಣ್ಣ ಎಲ್‌ಇಡಿ ದೀಪಕ್ಕೂ. ಡೈ ಇದ್ದರೂ ಕಣ್ಣು ನೋಡಲೇಬೇಕು.

ಇನ್ನು ಭಾವನ ವಿಷಯ. ದಯವಿಟ್ಟು ಬೇಡ, ಖಂಡಿತ ಬೇಡ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡು ಅನ್ನುವ ಪದದ ಅರ್ಥದಲ್ಲೇ ಅದರ ಬಿಡಿಭಾಗಗಳನ್ನೂ, ಅದನ್ನು ತಯಾರಿಸುವ ಯಂತ್ರವನ್ನೂ ಸೇರಿಸಿದೆ. ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ಕೊಡವರಿಗೂ ಜಮ್ಮಾ (ಕೊಡಗಿನ ಪರಂಪರಾಗತ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, 2019ರಲ್ಲಿ ಅದನ್ನು ಇನ್ನೂ 10 ವರ್ಷ ಮುಂದುವರಿಸಿದ್ದಾರೆ. ಮನೆಯಲ್ಲಿ ತೋಟೆ ತಯಾರಿಸಲು ಅದು ಅನುಮತಿ ಕೊಡುವುದಿಲ್ಲ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಗೆ ಪೊಲೀಸ್ ಕೇಸ್ ತಂದುಕೊಟ್ಟ ಹಾಗಾಗುತ್ತದೆ. ಊರಿಗೆ ಹೊರಡುವಾಗ ನಿಮ್ಮ ಬ್ಯಾಗಿನ ಮೂಲೆಮೂಲೆಯನ್ನೂ ನೋಡಿ. ರೇಂಜಿಗೆ ಒಯ್ದ ಬ್ಯಾಗಾದರೆ ಅದನ್ನು ಮನೆಯಲ್ಲೇ ಬಿಡಿ. ಮರೆತುಹೋದ ಒಂದು ತೋಟೆ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ದೊಡ್ಡ ತಾಪತ್ರಯ.

ಅಮೆರಿಕದಲ್ಲಿ ಸ್ವಂತ ಬಳಕೆಗೆ ಮರುತುಂಬಲು ಫೆಡರಲ್ ಲೈಸೆನ್ಸ್ ಬೇಡ. ತಯಾರಿಸಿ ಮಾರುವುದಾದರೆ ಬೇಕು, ಆದ್ದರಿಂದ ಸ್ನೇಹಿತರಿಗೆ ದುಡ್ಡಿಗೆ ಮಾಡಿಕೊಡಬೇಡಿ. ನಿಮಗೆ ಗ್ರೀನ್ ಕಾರ್ಡ್ ಇದೆ, ಸರಿ. ಆದರೆ ಎಚ್-1ಬಿಯಂಥ ವೀಸಾದಲ್ಲಿರುವ ನಮ್ಮ ಹುಡುಗರು ನಿಮ್ಮ ಮನೆಗೆ ಬಂದು ಆಸೆಪಟ್ಟರೆ ಎಚ್ಚರಿಸಿ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಮಾತ್ರ ಅಲ್ಲ, ತೋಟೆ ಇಟ್ಟುಕೊಳ್ಳುವುದೂ ಅವರಿಗೆ ಫೆಡರಲ್ ಕಾನೂನಿನಲ್ಲಿ ಅಪರಾಧ.

ಶನಿವಾರದ ಕೆಲಸ ಆದ ಮೇಲೆ ಆ ಗೆರೆ ಹಾಕಿದ ಕಾಗದದ ಫೋಟೋ ಕಳಿಸಿ. ಪಲ್ಟಿಯಾದ ಕೇಸ್‌ಗಳನ್ನು ಎಸೆಯಬೇಡಿ, ಒಂದು ಲೋಟದಲ್ಲಿ ಹಾಕಿಡಿ. ಕ್ಯಾಲಿಪರಿನಲ್ಲಿ ಅವುಗಳ ಉದ್ದ, ತಳದ ಅಗಲ ಅಳೆದು ಬರೆಯಿರಿ. 17 ಮಿಲಿಮೀಟರ್ ಆಸುಪಾಸಿನವು ಎಷ್ಟು ಸಿಗುತ್ತವೆ ಎಂದು ನನಗೂ ಕುತೂಹಲ ಇದೆ.